ಅಪ್ಪ ಕಂಡ ಲಿಫ್ಟರ್

"ಬಾಣಂತಿ ಟಿವಿ ನೋಡಬಾರದು, ಕಣ್ಣು ಹಾಳಾಗುತ್ತೆ" ಅಂತ ಅಮ್ಮ ಮೂರು ವಾರದಿಂದ ಹೇಳುತ್ತಲೇ ಇದ್ದಳು. ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಹೊತ್ತು ಹೊತ್ತಿಗೆ ಮೆಣಸಿನ ಸಾರು. ಎಲ್ಲದಕ್ಕೂ ಹೂಂ ಅಂದಿದ್ದೆ. ಟಿವಿಯ ವಿಷಯದಲ್ಲಿ ಮಾತ್ರ ಮಾತು ಕೇಳಲಿಲ್ಲ, 2023ರ ಡಿಸೆಂಬರ್ 28ರ ರಾತ್ರಿಯಂತೂ ಕೇಳಲೇ ಇಲ್ಲ. ಅವತ್ತು ಗೆದ್ದರೆ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಪ್ಲೇಆಫ್‌ಗೆ, ಅಂದರೆ ಸೀಸನ್ ಕೊನೆಯ ನಾಕೌಟ್ ಸುತ್ತಿಗೆ, ಹೋಗುತ್ತಿತ್ತು.

ಇದು ಎಂಥ ತಂಡ ಅಂತ ಹೇಳಿದರೆ ನನ್ನ ಅವಸರ ಅರ್ಥವಾಗುತ್ತದೆ. 2017ರಲ್ಲಿ ಆಡಿದ್ದು 16 ಪಂದ್ಯ, ಸೋತಿದ್ದೂ 16. ಜನ ಆ ಚಳಿಯಲ್ಲಿ ಸ್ಟೇಡಿಯಂ ಸುತ್ತ ಮೆರವಣಿಗೆ ಮಾಡಿದ್ದರು, ಸೋಲಿನ ಮೆರವಣಿಗೆ! ಅಂಥ ಊರಿಗೆ ಸೊಸೆಯಾಗಿ ಬಂದವಳು ನಾನು. ಅಮೆರಿಕನ್ ಫುಟ್‌ಬಾಲ್ ತಲೆಗೆ ಹೋಗಲು ಎರಡು ಚಳಿಗಾಲ ಬೇಕಾಯಿತು. ಆಮೇಲೆ ಬಿಟ್ಟು ಹೋಗಲೇ ಇಲ್ಲ.

ಪಾಪು ಮೇಲಿನ ರೂಮಲ್ಲಿ ಅಮ್ಮನ ಪಕ್ಕ ಮಲಗಿತ್ತು. ಗಂಡ ಆಫೀಸಿನ ಕಾಲ್‌ನಲ್ಲಿ. ನಾನು ಮೆಲ್ಲಗೆ ಇಳಿದು ಬಂದರೆ ಅಪ್ಪ ಆಗಲೇ ಶಾಲು ಹೊದ್ದು ಸೋಫಾದಲ್ಲಿ ಕೂತಿದ್ದರು. ತೀರ್ಥಹಳ್ಳಿ ಕಡೆಯ ಮನುಷ್ಯ. ಅಡಿಕೆ ಕೊಯ್ಲನ್ನು ತಮ್ಮನ ತಲೆಗೆ ಕಟ್ಟಿ ಬಂದಿದ್ದರು, ನಿದ್ದೆಯನ್ನೂ ಅಲ್ಲೇ ಬಿಟ್ಟು ಬಂದ ಹಾಗಿತ್ತು.

"ಆ ಮುದುಕ ಇವತ್ತು ಆಡ್ತಾನಾ?" ಅಂತ ಕೇಳಿದರು.

ಮುದುಕ ಅಂದರೆ ಜೋ ಫ್ಲಾಕೊ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್. ವಯಸ್ಸು 38. ಎದುರಾಳಿ ನ್ಯೂಯಾರ್ಕ್ ಜೆಟ್ಸ್, ಹಿಂದಿನ ಸೀಸನ್‌ವರೆಗೆ ಅವನೇ ಇದ್ದ ತಂಡ. ಅಲ್ಲಿಂದ ಬಿಟ್ಟ ಮೇಲೆ ಯಾರೂ ಕರೆದಿರಲಿಲ್ಲ. ಐದು ಮಕ್ಕಳ ತಂದೆ, ನ್ಯೂಜೆರ್ಸಿಯ ಮನೆಯಲ್ಲಿ ಟಿವಿಯಲ್ಲಿ ಪಂದ್ಯ ನೋಡಿಕೊಂಡಿದ್ದ. ನವೆಂಬರ್‌ನಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ ಡಿಶಾನ್ ವಾಟ್ಸನ್ ಭುಜದ ಮೂಳೆ ಮುರಿದುಕೊಂಡ. ಅವನಿಗೆ 23 ಕೋಟಿ ಡಾಲರಿನ ಖಾತ್ರಿ ಒಪ್ಪಂದ ಬೇರೆ! ಚೆಂಡು ಹಿಡಿದು ನುಗ್ಗುವ ಓಟಗಾರ ನಿಕ್ ಚಬ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಸೆಪ್ಟೆಂಬರ್‌ನಲ್ಲೇ ಹೊರಗೆ. ಆಗ ಫ್ಲಾಕೊಗೆ ಫೋನು ಹೋಯಿತು.

ಊರಿನ ಹಳಬರಿಗೆ ಇದು ನುಂಗಲಾಗದ ತುತ್ತು. 1995ರಲ್ಲಿ ಮಾಲೀಕರು ಬ್ರೌನ್ಸ್ ತಂಡವನ್ನು ಬಾಲ್ಟಿಮೋರ್‌ಗೆ ಒಯ್ಯುವುದಾಗಿ ಹೇಳಿದರು. ಮುಂದಿನ ವರ್ಷ ಅದು ಅಲ್ಲಿ ರೇವನ್ಸ್ ಆಯಿತು. ಕ್ಲೀವ್‌ಲ್ಯಾಂಡ್‌ಗೆ ಮತ್ತೆ ತಂಡ ಸಿಕ್ಕಿದ್ದು 1999ರಲ್ಲಿ. ಅದೇ ರೇವನ್ಸ್‌ಗೆ 2013ರ ಫೆಬ್ರವರಿಯಲ್ಲಿ ಸೂಪರ್ ಬೌಲ್, ಅಂದರೆ ಸೀಸನ್ನಿನ ಫೈನಲ್, ಗೆಲ್ಲಿಸಿಕೊಟ್ಟವನು ಈ ಫ್ಲಾಕೊ. ಪಕ್ಕದ ಮನೆಯ ಅಜ್ಜ ಹತ್ತು ವರ್ಷ ಇವನಿಗೆ ಶಾಪ ಹಾಕಿದ್ದನಂತೆ. ಆಗ ಮಾತ್ರ ಅವನ ಹೆಸರಿನ ಜೆರ್ಸಿ ಹುಡುಕುತ್ತಿದ್ದ.

ನಾಲ್ಕು ದಿನದ ಹಿಂದೆ, 24ರಂದು, ಹ್ಯೂಸ್ಟನ್ ಪಂದ್ಯವನ್ನು ಅಪ್ಪ ನನ್ನ ಜೊತೆ ನೋಡಿದ್ದರು. ಮೊದಲ ಅರ್ಧ ಗಂಟೆ ಬರೀ ಗೊಣಗಾಟ. "ಎಂತದೇ ಇದು? ಎರಡು ಸೆಕೆಂಡ್ ಆಡ್ತಾರೆ, ಎರಡು ನಿಮಿಷ ಮಾತಾಡ್ತಾರೆ!" ನಾನು ಗಜ, ಡೌನ್ ಅಂತೆಲ್ಲ ವಿವರಿಸಲು ಹೋಗಿ ಸೋತೆ. ಅಷ್ಟರಲ್ಲಿ ಫ್ಲಾಕೊ ಚೆಂಡನ್ನು ಓಟಗಾರನ ಹೊಟ್ಟೆಯ ಹತ್ತಿರ ಒಯ್ದ. ಕೊಟ್ಟ ಹಾಗೆ ಮಾಡಿದ. ಕೊಡಲಿಲ್ಲ. ಎದುರಿನವರು ಓಟಗಾರನ ಕಡೆ ನುಗ್ಗಿದ ಗಳಿಗೆಯಲ್ಲೇ ಹಿಂದೆ ಖಾಲಿಯಾದ ಜಾಗಕ್ಕೆ ಚೆಂಡು ಹಾರಿತು.

ಅಪ್ಪ ಎದ್ದು ನಿಂತರು. "ಡಮ್ಮಿ! ಇವ್ನು ಲಿಫ್ಟರ್ ಕಣೇ!"

ನಮ್ಮ ಕಡೆ ವಾಲಿಬಾಲ್ ಅಂದರೆ ಏನು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಗದ್ದೆ ಕೊಯ್ಲು ಮುಗಿದ ಮೇಲೆ ಹೊನಲು ಬೆಳಕಿನ ಪಂದ್ಯಾವಳಿ, ಮೈಕು, ಬೆಳಗಿನ ಜಾವದವರೆಗೆ ಆಟ. ಅಪ್ಪ ಇಪ್ಪತ್ತು ವರ್ಷ ಲಿಫ್ಟರ್, ಅಂದರೆ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವರು, ಆಗಿದ್ದರು. ಒಬ್ಬ ಸುಮ್ನೆ ಹೊಡೆಯುವವನ ಹಾಗೆ ಹಾರುತ್ತಾನೆ, ಬ್ಲಾಕರ್‌ಗಳು ಅವನ ಜೊತೆ ಹಾರುತ್ತಾರೆ, ಲಿಫ್ಟರ್ ಚೆಂಡನ್ನು ಹಿಂದಕ್ಕೆ ಎತ್ತಿ ಇನ್ನೊಬ್ಬನಿಗೆ ಕೊಡುತ್ತಾನೆ. ನಾನು ಇಷ್ಟು ವರ್ಷ 'ಪ್ಲೇ-ಆಕ್ಷನ್' ಅಂತ ಕಲಿತಿದ್ದನ್ನು ಅಪ್ಪ ಒಂದು ಮಾತಲ್ಲಿ ಮುಗಿಸಿಬಿಟ್ಟರು.

ಹಾಗಾಗಿ ಆ ಗುರುವಾರ ನನಗೆ ವಿವರಿಸುವ ಕೆಲಸ ಇರಲಿಲ್ಲ. ಟಿವಿಯ ಸೌಂಡ್ ಪೂರ್ತಿ ಬಂದ್ ಮಾಡಿ ಕೂತೆವು.

"ಇವ್ನು ಬೆನ್ನು ತಿರುಗಿಸ್ತಾನೆ ನೋಡು" ಅಂದರು ಅಪ್ಪ. ನಾನು ಅಷ್ಟು ಗಮನಿಸಿರಲಿಲ್ಲ. ಮೊದಲು ವಾಟ್ಸನ್ ಇದ್ದಾಗ ಹೆಚ್ಚಾಗಿ ಐದು ಗಜ ಹಿಂದೆ ನಿಂತು ಚೆಂಡು ತೆಗೆದುಕೊಳ್ಳುತ್ತಿದ್ದ, ಮುಖ ಎದುರಾಳಿಗಳ ಕಡೆ. ಬೇಕಾದರೆ ತಾನೇ ಓಡುತ್ತಿದ್ದ. ಫ್ಲಾಕೊ ಓಡುವ ಆಸಾಮಿ ಅಲ್ಲ. ಆರೂವರೆ ಅಡಿ ಎತ್ತರದ ಕಂಬ. ಅದಕ್ಕೇ ಕೋಚ್ ಕೆವಿನ್ ಸ್ಟೆಫಾನ್ಸ್ಕಿ ಅವನನ್ನು ಮುಂದಿನ ಸಾಲಿಗೆ ಅಂಟಿಸಿ ನಿಲ್ಲಿಸಿದ್ದು ಜಾಸ್ತಿಯಾಯಿತು. ಅಲ್ಲಿಂದ ಅವನು ಎದುರಾಳಿಗಳಿಗೆ ಬೆನ್ನು ಹಾಕಿ ತಿರುಗುತ್ತಾನೆ. ಚೆಂಡು ಆ ದೊಡ್ಡ ಮೈಯ ಹಿಂದೆ ಮರೆಯಾಗುತ್ತದೆ. ಆ ಒಂದು ಸೆಕೆಂಡು ಎದುರಿನವರಿಗೆ ಚೆಂಡು ಕಾಣುವುದಿಲ್ಲ, ಇವನಿಗೆ ಎದುರಿನವರು ಕಾಣುವುದಿಲ್ಲ. ಮತ್ತೆ ಮುಖ ತಿರುಗಿಸುವ ಹೊತ್ತಿಗೆ ಯಾರು ಎಲ್ಲಿದ್ದಾರೆ ಅಂತ ಓದಿ ಎಸೆಯಬೇಕು. ಚಿಕ್ಕ ಹುಡುಗರು ಹೆದರುವ ಜಾಗ ಅದು.

ಎಲ್ಲರೂ ಹೊಸ ಆಟ, ಹೊಸ ಆಟ ಅನ್ನುತ್ತಿದ್ದರು. ತಂಡಕ್ಕೆ ಹೊಸದು ಸರಿ, ಇವನಿಗೆ ಎಲ್ಲಿಯ ಹೊಸದು! 2014ರಲ್ಲಿ ಬಾಲ್ಟಿಮೋರ್‌ನಲ್ಲಿ ಕೋಚ್ ಗ್ಯಾರಿ ಕುಬಿಯಾಕ್ ಕೈಕೆಳಗೆ ಇಂಥದೇ ಆಟ ಆಡಿ ಫ್ಲಾಕೊ 27 ಟಚ್‌ಡೌನ್ ಎಸೆದಿದ್ದ, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿಸಿದ ಪಾಸ್‌ಗಳು. 2019ರಲ್ಲಿ ಮಿನೆಸೋಟದಲ್ಲಿ ಅದೇ ಕುಬಿಯಾಕ್ ಪಕ್ಕದಲ್ಲಿ ಕೆಲಸ ಮಾಡಿದವನು ಸ್ಟೆಫಾನ್ಸ್ಕಿ. ಒಂದೇ ಮನೆಯ ಅಡುಗೆ ಉಂಡವರು, ಬೇರೆ ಬೇರೆ ಪಂಕ್ತಿಯಲ್ಲಿ.

ಮೊದಲರ್ಧದಲ್ಲೇ ಫ್ಲಾಕೊ 296 ಗಜ ಎಸೆದ, ಮೂರು ಟಚ್‌ಡೌನ್. ನಮ್ಮ ಓಟಗಾರ ಜೆರೋಮ್ ಫೋರ್ಡ್ 50 ಗಜದ್ದೊಂದು ಮುಗಿಸಿದಾಗ ನಾನು ದಿಂಬಿಗೆ ಮುಖ ಒತ್ತಿ ಕಿರುಚಿದೆ. ಅಪ್ಪ ಶಾಲಿನ ಒಳಗೇ ಚಪ್ಪಾಳೆ ತಟ್ಟಿದರು. ಮಧ್ಯೆ ಒಂದು ಪಾಸನ್ನು ನೇರ ಜೆಟ್ಸ್ ಆಟಗಾರನ ಕೈಗಿಟ್ಟ, ಅವನು ಓಡಿ ಟಚ್‌ಡೌನ್ ಮಾಡಿಕೊಂಡ. ಇದೂ ಈ ಮನುಷ್ಯನ ಪಾಲೇ. ಐದು ಪಂದ್ಯದಲ್ಲಿ 13 ಟಚ್‌ಡೌನ್, 8 ಇಂಟರ್‌ಸೆಪ್ಷನ್, ಅಂದರೆ ಎದುರಾಳಿಯ ಕೈಗೆ ಹೋದ ಪಾಸ್. ನಮ್ಮ ಡಿಫೆನ್ಸ್ ಅಷ್ಟು ಗಟ್ಟಿ ಇಲ್ಲದಿದ್ದರೆ ಈ ಹಬ್ಬ ನಡೆಯುತ್ತಿರಲಿಲ್ಲ, ಅದನ್ನು ಒಪ್ಪಲೇಬೇಕು.

ಕೊನೆಗೆ 37-20. ಗೆದ್ದೆವು. ತಿರುಗಿ ನೋಡಿದರೆ ಅಮ್ಮ ಪಾಪುವನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಾಳೆ. ಏನೂ ಬೈಯಲಿಲ್ಲ. ಅಪ್ಪನನ್ನು ನೋಡಿ, "ಮಂಡಿ ನೋವು ಅಂತಿದ್ರಲ್ಲ, ಎಂತ ನಿಂತೇ ನೋಡ್ತಿದೀರಿ?" ಅಂದಳು ಅಷ್ಟೇ.

ಜನವರಿ 13ಕ್ಕೆ ಪ್ಲೇಆಫ್. ಮತ್ತೆ ಹ್ಯೂಸ್ಟನ್. ಸಂಜೆ ಹೊತ್ತು, ಈ ಸಲ ಸೌಂಡ್ ಇತ್ತು, ಪಕ್ಕದ ಮನೆಯ ಅಜ್ಜನೂ ಬಂದಿದ್ದ. ಮೂರನೇ ಕ್ವಾರ್ಟರ್‌ನಲ್ಲಿ ಫ್ಲಾಕೊ ಬೆನ್ನುಬೆನ್ನಿಗೆ ಎರಡು ಪಾಸ್ ಎದುರಾಳಿಗೆ ಕೊಟ್ಟ, ಎರಡೂ ಟಚ್‌ಡೌನ್ ಆದವು. ಆಮೇಲೆ ಓಟಗಾರನಿಗೆ ಕೊಟ್ಟ ಹಾಗೆ ಮಾಡಿದರೆ ನಂಬುವವರೇ ಇಲ್ಲ. ಅಷ್ಟು ಹಿಂದೆ ಬಿದ್ದವರು ಓಡಿಸುತ್ತಾ ಕೂರುತ್ತಾರಾ? 45-14. ಅಜ್ಜ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತ.

"ಮೂರು ವಾರದ ಹಿಂದೆ ಇದೇ ಟೀಮಿನ ಮುಂದೆ ಹಾಕಿದ ಡಮ್ಮಿ ಅಲ್ವಾ?" ಅಂದರು ಅಪ್ಪ. "ಅವ್ರು ಮನೆಗೆ ಹೋಗಿ ನೋಡ್ಕೊಂಡು ಬಂದಿದಾರೆ ಮಾರಾಯ್ತಿ." ಅದನ್ನು ಅಜ್ಜನಿಗೆ ಇಂಗ್ಲಿಷ್‌ನಲ್ಲಿ ಹೇಳು ಅಂತ ನನಗೆ ಅಂದು, ಪಾಪುವಿನ ಸ್ನಾನಕ್ಕೆ ನೀರು ಬಿಸಿಯಾಯಿತಾ ನೋಡಲು ಎದ್ದು ಹೋದರು.