14 ಚಾನೆಲ್ ಕೇಳಿದ್ದೆವು, 8 ಸಿಕ್ಕಿತು

ಮಧ್ಯಾಹ್ನ ಮೂರಕ್ಕೆ ನಾವು ಸಭಾಂಗಣ ತಲುಪಿದಾಗ ಆಯೋಜಕರು ಬಾಗಿಲಲ್ಲೇ ನಿಂತಿದ್ದರು. ನಮ್ಮ ವ್ಯಾನಿನ ಹಿಂದೆ ಇನ್ನೊಂದು ಗಾಡಿ ಬರಬೇಕಿತ್ತು ಅನ್ನುವ ಹಾಗೆ ರಸ್ತೆಯನ್ನೇ ನೋಡುತ್ತಿದ್ದರು.

"ಸೌಂಡ್ ಸಿಸ್ಟಮ್ ಆಮೇಲೆ ಬರುತ್ತಾ?" ಎಂದು ಕೇಳಿದರು.

"ಸೌಂಡ್ ನಿಮ್ಮದೇ ಅಲ್ವಾ ಸರ್?" ಎಂದೆ ನಾನು.

ಇಬ್ಬರೂ ಸ್ವಲ್ಪ ಹೊತ್ತು ಮುಖ ಮುಖ ನೋಡಿಕೊಂಡೆವು.

ನಮ್ಮದು ಐದು ಜನರ ಬ್ಯಾಂಡ್. ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ಮೊದಲ ಎರಡು ವರ್ಷ ಶೋ ಹುಡುಕುವ ಕೆಲಸವೂ ನನ್ನ ತಲೆಯ ಮೇಲೇ ಇತ್ತು. ಅದು ಎಂಥ ಕೆಲಸ ಎಂದು ಮಾಡಿದವರಿಗೇ ಗೊತ್ತು. ನಲವತ್ತು ಕಡೆ ವಿಡಿಯೊ ಕಳಿಸಿದರೆ ಮೂರು ಕಡೆಯಿಂದ ಉತ್ತರ ಬರುತ್ತದೆ. ಅದರಲ್ಲಿ ಎರಡು, "ಮುಂದೆ ನೋಡೋಣ." ಫೋನಿನಲ್ಲಿ ನಮ್ಮ ದರವನ್ನು ನಾವೇ ಹೇಳುವಾಗ ನಾಲಿಗೆ ತಡವರಿಸುತ್ತದೆ. ಆ ಕಡೆಯವರು ಅರೆಕ್ಷಣ ಸುಮ್ಮನಾದರೂ ಸಾಕು, ನಾವೇ ಇಳಿಸಿಬಿಡುತ್ತೇವೆ. ಅಭ್ಯಾಸಕ್ಕೆ ಇಟ್ಟಿದ್ದ ಸಂಜೆಗಳೆಲ್ಲ ಇದಕ್ಕೇ ಹೋಗುತ್ತಿದ್ದವು. ಹಾಗಾಗಿ ಒಂದು ಬುಕಿಂಗ್ ಏಜೆನ್ಸಿ ತಾನಾಗಿಯೇ ನಮ್ಮನ್ನು ಹುಡುಕಿಕೊಂಡು ಬಂದಾಗ ನನಗೆ ಹೆಗಲ ಮೇಲಿನ ಮೂಟೆ ಇಳಿದಂತಾಯಿತು. ಒಂದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದೆವು. ಆ ಒಂದು ವರ್ಷ ನಮ್ಮ ಎಲ್ಲ ಶೋಗಳೂ ಅವರ ಮೂಲಕವೇ ಆಗಬೇಕು ಎಂದಿತ್ತು. ಆಗ ಅದು ದೊಡ್ಡ ವಿಷಯ ಅನ್ನಿಸಲಿಲ್ಲ.

ಈ ಶೋ ಅವರು ಕೊಡಿಸಿದ ಮೊದಲನೆಯದು. ಒಂದು ಕಂಪನಿಯ ವಾರ್ಷಿಕ ಸಮಾರಂಭ. ನಾನು ಇನ್‌ಪುಟ್ ಲಿಸ್ಟ್, ಅಂದರೆ ಯಾವ ವಾದ್ಯಕ್ಕೆ, ಯಾವ ದನಿಗೆ ಎಷ್ಟು ಮೈಕ್ ಅಥವಾ ಲೈನ್ ಬೇಕು ಎಂಬ ಪಟ್ಟಿ, ಬರೆದು ಏಜೆನ್ಸಿಗೆ ಮೂರು ವಾರ ಮೊದಲೇ ಕಳಿಸಿದ್ದೆ. ಡ್ರಮ್ಸ್‌ಗೆ ಆರು ಮೈಕ್, ಬೇಸ್‌ಗೆ ಒಂದು ಲೈನ್, ಎಲೆಕ್ಟ್ರಿಕ್ ಗಿಟಾರಿಗೆ ಒಂದು, ಅಕೂಸ್ಟಿಕ್ ಗಿಟಾರಿಗೆ ಒಂದು, ಕೀಬೋರ್ಡಿಗೆ ಎರಡು, ಹಾಡುವವರಿಗೆ ಮೂರು. ಸದ್ದುಗಳನ್ನು ಬೆರೆಸುವ ಮಿಕ್ಸರಿನಲ್ಲಿ ಒಂದೊಂದಕ್ಕೂ ಒಂದು ಚಾನೆಲ್ ಬೇಕು. ಒಟ್ಟು 14 ಚಾನೆಲ್. ಆ ಪಟ್ಟಿ ಆಯೋಜಕರ ಕೈಗೆ ತಲುಪಿರಲೇ ಇಲ್ಲ. ಸೌಂಡ್ ಬ್ಯಾಂಡಿನವರೇ ತರುತ್ತಾರೆ ಎಂದು ಅವರಿಗೆ ಹೇಳಲಾಗಿತ್ತು. ಅಲ್ಲೇ ಎಲ್ಲ ಇದೆ ಎಂದು ನಮಗೆ ಹೇಳಲಾಗಿತ್ತು. ನಿಜಕ್ಕೂ ಅಲ್ಲಿ ಇದ್ದದ್ದು ಭಾಷಣಕ್ಕೆ ಬಳಸುವ 8 ಚಾನೆಲ್‌ನ ಒಂದು ಮಿಕ್ಸರ್, ಎರಡು ಸ್ಪೀಕರ್, ಹಾಡುವವರಿಗೆ, ನುಡಿಸುವವರಿಗೆ ತಮ್ಮ ಸದ್ದು ಕೇಳಿಸಲು ಇಡುವ ಮಾನಿಟರ್ ಸ್ಪೀಕರ್ ಒಂದೇ ಒಂದು.

ಏಜೆನ್ಸಿಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ.

ಆ ಮೂರು ಗಂಟೆ ನಾವು ಮಾಡಿದ ಕೆಲಸದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ. ಡ್ರಮ್ಸ್‌ನ ಆರು ಮೈಕ್ ಎರಡಕ್ಕೆ ಇಳಿಯಿತು. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿಗೆ ಒಂದು, ಉಳಿದದ್ದಕ್ಕೆಲ್ಲ ಮೇಲಿನಿಂದ ಒಂದು. ಕೀಬೋರ್ಡ್ ಸ್ಟೀರಿಯೊ ಬಿಟ್ಟು ಮೋನೊಗೆ, ಅಂದರೆ ಎರಡರಿಂದ ಒಂದು ಚಾನೆಲ್ಲಿಗೆ ಬಂತು. ಬೇಸ್, ಅಕೂಸ್ಟಿಕ್, ಮೂರು ದನಿ ಸೇರಿ ಎಂಟು ತುಂಬಿತು. ಎಲೆಕ್ಟ್ರಿಕ್ ಗಿಟಾರಿಗೆ ಜಾಗವೇ ಉಳಿಯಲಿಲ್ಲ. ಅದರ ಆಂಪ್ಲಿಫೈಯರನ್ನು ಒಂದು ಕುರ್ಚಿಯ ಮೇಲಿಟ್ಟು, ನುಡಿಸುವವನ ಕಿವಿಯ ಕಡೆಗೆ ಸ್ವಲ್ಪ ವಾಲಿಸಿದೆವು. ಆಂಪ್ ಕಾಲಿನ ಬಳಿ ಇದ್ದರೆ ತನ್ನ ಸದ್ದು ತನಗೇ ಸರಿಯಾಗಿ ಕೇಳದೆ ಅವನು ವಾಲ್ಯೂಮ್ ಏರಿಸುತ್ತಾ ಹೋಗುತ್ತಾನೆ. ಕಿವಿಯ ಹತ್ತಿರ ಇದ್ದರೆ ಕಡಿಮೆಯಲ್ಲೇ ಸಾಕಾಗುತ್ತದೆ. ಸದ್ದು ಕಡಿಮೆಯಾಗಲಿ ಎಂದು ಡ್ರಮ್ಮರ್ ಕೋಲುಗಳನ್ನು ಒಳಗಿಟ್ಟು, ಸಣ್ಣ ಕಡ್ಡಿಗಳನ್ನು ಕಟ್ಟಿ ಮಾಡಿದ ರಾಡ್ಸ್ ಹಿಡಿದ. ಇದ್ದ ಒಂದೇ ಮಾನಿಟರ್ ಗಾಯಕಿಯ ಮುಂದೆ ಹೋಯಿತು. ಜೋರಿನ ಎರಡು ಹಾಡುಗಳನ್ನು ಸೆಟ್‌ಲಿಸ್ಟ್‌ನಿಂದ ತೆಗೆದೆವು. ಆಯೋಜಕರು ಕೋಟು ಬಿಚ್ಚಿಟ್ಟು ನಮ್ಮ ಜೊತೆ ಕೇಬಲ್ ಎಳೆದರು.

ಶೋ ಚೆನ್ನಾಗಿಯೇ ಆಯಿತು. ಕೊನೆಯ ಹಾಡಿಗೆ ಹಿಂದಿನ ಸಾಲಿನವರೂ ಎದ್ದು ಮುಂದೆ ಬಂದರು.

ಸಾಮಾನು ಕಟ್ಟುತ್ತಿದ್ದಾಗ ಆಯೋಜಕರು ಹತ್ತಿರ ಬಂದು, "ಬೇಜಾರು ಮಾಡ್ಕೋಬೇಡಿ, ಇಷ್ಟು ಕೊಟ್ಟಮೇಲೆ ಸೌಂಡ್ ಸೇರಿರುತ್ತೆ ಅಂತ ನಾವು ಅಂದ್ಕೊಂಡಿದ್ದು ತಪ್ಪಾ?" ಎಂದು ಕೇಳಿದರು. ಕೋಪ ಇರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಲು ಕೇಳಿದ್ದು. ಎಷ್ಟು ಕೊಟ್ಟಿರಿ ಎಂದು ನಾನೂ ಕೇಳಿದೆ. ಅವರು ಹೇಳಿದ ಮೊತ್ತ, ನಮಗೆ ಹೇಳಿದ್ದರ ಎರಡರಷ್ಟು. ಅದರಲ್ಲಿ ಅರ್ಧ ಅಡ್ವಾನ್ಸಾಗಿ ಎರಡು ತಿಂಗಳ ಹಿಂದೆಯೇ ಏಜೆನ್ಸಿಗೆ ಹೋಗಿತ್ತು. ನಮಗೆ ಮಾತ್ರ ಎಲ್ಲ ದುಡ್ಡೂ ಶೋ ಮುಗಿದ ಮೇಲೆ ಎಂದಿದ್ದರು.

ವ್ಯಾನಿನಲ್ಲಿ ಯಾರೂ ಹಾಡು ಹಾಕಲಿಲ್ಲ. "ಇದು ಮೋಸ" ಎಂದ ಡ್ರಮ್ಮರ್. ನಾನು ಫೋನಿನಲ್ಲೇ ಒಪ್ಪಂದ ತೆರೆದು ಸಾಲು ಸಾಲಾಗಿ ಓದಿದೆ. ಕಮಿಷನ್ ಎಂಬ ಪದವೇ ಅದರಲ್ಲಿ ಇರಲಿಲ್ಲ. ಪ್ರತಿ ಶೋಗೆ ಬ್ಯಾಂಡಿಗೆ ಇಷ್ಟು ಎಂದು ಒಂದು ಮೊತ್ತ ಮಾತ್ರ ಇತ್ತು.

ಅವತ್ತು ನನಗೆ ತಿಳಿದದ್ದು ಇದು. ಏಜೆನ್ಸಿ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವ್ಯಾಪಾರಗಳು ನಡೆಯುತ್ತವೆ. ಒಬ್ಬರು ನಮ್ಮ ಪರವಾಗಿ ಮಾತಾಡಿ, ಬಂದ ಒಟ್ಟು ಹಣದಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಅದು ಸಾಮಾನ್ಯವಾಗಿ 10ರಿಂದ 20 ಪರ್ಸೆಂಟ್. ನಮ್ಮ ಬೆಲೆ ಏರಿದರೆ ಅವರಿಗೂ ಲಾಭ. ಇನ್ನೊಬ್ಬರು ನಮ್ಮನ್ನು ಒಂದು ಬೆಲೆಗೆ ಕೊಂಡು ಇನ್ನೊಂದು ಬೆಲೆಗೆ ಮಾರುತ್ತಾರೆ. ಅಲ್ಲಿ ನಮ್ಮ ಬೆಲೆ ಇಳಿದಷ್ಟೂ ಅವರಿಗೆ ಲಾಭ. ಎರಡನೆಯದು ಕಾನೂನಿಗೆ ವಿರುದ್ಧ ಅಂತಲ್ಲ. ಆದರೆ ಅಂಥ ಕಡೆ ಆಯೋಜಕರೂ ಬ್ಯಾಂಡೂ ನೇರವಾಗಿ ಮಾತಾಡಿದರೆ ಗುಟ್ಟು ಹೊರಬೀಳುತ್ತದೆ. ನನ್ನ ಇನ್‌ಪುಟ್ ಲಿಸ್ಟ್ ದಾರಿಯಲ್ಲೇ ಉಳಿದದ್ದಕ್ಕೆ ಇದೇ ಕಾರಣ ಎಂದು ನನಗೆ ಅನ್ನಿಸುತ್ತದೆ. ದುಡ್ಡು ಕಡಿಮೆ ಬಂದದ್ದಕ್ಕಿಂತ ಈ ಗೋಡೆಯೇ ನನಗೆ ಜಾಸ್ತಿ ನೋವು ಕೊಟ್ಟಿತು. ಅಷ್ಟು ಒಳ್ಳೆಯ ಮನುಷ್ಯ, ಕೇಬಲ್ ಎಳೆದವರು, ಎರಡು ತಿಂಗಳಿಂದ ನಮಗಾಗಿ ಕಾಯುತ್ತಿದ್ದರು. ಒಂದು ಫೋನ್ ಕರೆ ಸಾಕಿತ್ತು.

ಮಾರನೇ ದಿನ ಏಜೆನ್ಸಿಯವರು ಸಿಕ್ಕರು. ಅವರ ಮಾತಿನಲ್ಲಿ ಒಂದಿಷ್ಟು ನಿಜವೂ ಇತ್ತು. ಆ ಕಂಪನಿಯ ಬಾಗಿಲು ನಮಗೆ ಯಾವತ್ತೂ ತೆರೆಯುತ್ತಿರಲಿಲ್ಲ. ಅಷ್ಟು ದೊಡ್ಡ ಮೊತ್ತ ಕೇಳುವ ಧೈರ್ಯ ನನಗಂತೂ ಇರಲಿಲ್ಲ. ಇದನ್ನು ಒಪ್ಪಿಕೊಂಡೆ. ಇನ್ನು ಮುಂದೆ ಪರ್ಸೆಂಟ್ ಲೆಕ್ಕ ಬರೆಯಿರಿ, ಆಯೋಜಕರು ಸಹಿ ಮಾಡಿದ ಪತ್ರದ ಪ್ರತಿ ನಮಗೂ ಕೊಡಿ, ಶೋಗೆ ಹದಿನೈದು ದಿನ ಮೊದಲು ಅವರ ನಂಬರ್ ಕೊಡಿ ಎಂದೆ. "ಯೋಚನೆ ಮಾಡಿ ಹೇಳ್ತೀವಿ" ಎಂದರು.

ಮೂರು ತಿಂಗಳ ನಂತರ ಅದೇ ಆಯೋಜಕರು ನೇರವಾಗಿ ನನಗೇ ಫೋನ್ ಮಾಡಿದರು. ಇನ್ನೊಂದು ಕಾರ್ಯಕ್ರಮ, ನೀವೇ ಬರಬೇಕು ಎಂದರು. ಬ್ಯಾಂಡಿನಲ್ಲಿ ಜಗಳ ಶುರುವಾಯಿತು. ಅವರಾಗಿಯೇ ಕರೆದಿದ್ದಾರೆ, ಏಜೆನ್ಸಿಗೆ ಯಾಕೆ ಕೊಡಬೇಕು ಎಂದ ಡ್ರಮ್ಮರ್. ಬೀಟಲ್ಸ್ ಬ್ಯಾಂಡಿನ ಕಥೆ ಎತ್ತಿದವನೂ ಅವನೇ. 1960ರಲ್ಲಿ ಅವರನ್ನು ಮೊದಲ ಸಲ ಜರ್ಮನಿಯ ಹ್ಯಾಂಬರ್ಗ್‌ಗೆ ಕಳಿಸಿಕೊಟ್ಟದ್ದು, ಆಗ ಅವರಿಗೆ ಶೋ ಹುಡುಕಿ ಕೊಡುತ್ತಿದ್ದ ಅಲನ್ ವಿಲಿಯಮ್ಸ್. 1961ರಲ್ಲಿ ಅವರು ಅದೇ ಊರಿನ ಟಾಪ್ ಟೆನ್ ಕ್ಲಬ್‌ನಲ್ಲಿ ನುಡಿಸಲು ಹೋದಾಗ, ಈ ಶೋ ನಾವೇ ಗೊತ್ತು ಮಾಡಿಕೊಂಡದ್ದು ಎಂದು ವಿಲಿಯಮ್ಸ್‌ಗೆ ಕಮಿಷನ್ ಕೊಡಲಿಲ್ಲ. "ಅವರೇ ಕೊಡ್ಲಿಲ್ಲ, ನಾವ್ಯಾಕೆ ಕೊಡ್ಬೇಕು?" ಎಂದ. ಗಾಯಕಿ ಒಪ್ಪಲಿಲ್ಲ. "ಮೊದಲ ಸಲ ಅಲ್ಲಿಗೆ ಹೋಗದಿದ್ರೆ ಎರಡನೇ ಸಲ ಎಲ್ಲಿಂದ ಬರುತ್ತಿತ್ತು?" ಎಂದಳು.

ನನಗೆ ಅವಳ ಮಾತೇ ಸರಿ ಅನ್ನಿಸಿತು. ಸಹಿ ಹಾಕಿದ ವರ್ಷವೂ ಇನ್ನೂ ಮುಗಿದಿರಲಿಲ್ಲ. ಏಜೆನ್ಸಿಗೆ ವಿಷಯ ತಿಳಿಸಿದೆ. 15 ಪರ್ಸೆಂಟ್ ನಿಮ್ಮದು, ಆದರೆ ಒಪ್ಪಂದ ಈ ಸಲ ಮೂವರ ಸಹಿಯಲ್ಲಿ ಆಗಬೇಕು ಎಂದೆ. ಎರಡು ದಿನ ಸುಮ್ಮನಿದ್ದು ಒಪ್ಪಿದರು. ವರ್ಷ ಮುಗಿದಾಗ ಹಳೆಯ ಒಪ್ಪಂದವನ್ನು ನಾವು ಮುಂದುವರಿಸಲಿಲ್ಲ. ಈಗ ಶೋ ಶೋಗೆ ಬೇರೆ ಬೇರೆ ಕಾಗದ. ಅವರು ತಂದದ್ದಕ್ಕೆ ಅವರ ಪಾಲು, ನಾವು ಹುಡುಕಿದ್ದು ನಮ್ಮದು. ಸಣ್ಣ ಜಾಗಗಳಿಗೆ ಇವತ್ತಿಗೂ ನಾನೇ ಫೋನ್ ಮಾಡುತ್ತೇನೆ.

ಆ ಎರಡನೇ ಕಾರ್ಯಕ್ರಮದ ಇನ್‌ಪುಟ್ ಲಿಸ್ಟನ್ನು ನಾನೇ ಆಯೋಜಕರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಅವರಿಂದ ಕರೆ ಬಂತು. "16 ಚಾನೆಲ್‌ದು ಬಾಡಿಗೆಗೆ ಹೇಳಿದ್ದೀನಿ, ಎರಡು ಜಾಸ್ತಿನೇ ಇರಲಿ. ಮಾನಿಟರ್ ಎಷ್ಟು ಬೇಕು ಹೇಳಿ" ಎಂದರು.

ನಾಲ್ಕು ಎಂದೆ.