ಹಳೆಯ ಬಣ್ಣದ ಪುಸ್ತಕ ಸ್ಕ್ಯಾನ್ ಮಾಡುವಾಗ ಫಿಲ್ಟರ್ ಹಾಕುವ ಮೊದಲು

ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಡಿಜಿಟಲ್ ಪ್ರತಿ ಮಾಡುವುದು ನನ್ನ ಕೆಲಸ. ಹೊಸಬರಿಗೆ ಕಲಿಸುವಾಗ ನಾನು ಮೊದಲು ತೋರಿಸುವ ಪುಸ್ತಕ 'ಅಬ್ರಾಡ್', ಮಕ್ಕಳಿಗಾಗಿ ಮಾಡಿದ ಪದ್ಯ ಮತ್ತು ಬಣ್ಣದ ಚಿತ್ರಗಳ ಪುಸ್ತಕ. 1882ರಲ್ಲಿ ಬಂದದ್ದು, ಥಾಮಸ್ ಕ್ರೇನ್ ಮತ್ತು ಎಲೆನ್ ಹೌಟನ್ ಅವರದು. ಇಂಗ್ಲೆಂಡಿನ ಒಂದು ಕುಟುಂಬ ಮಕ್ಕಳನ್ನು ಕರೆದುಕೊಂಡು, ಹಡಗು ಹತ್ತಿ ಫ್ರಾನ್ಸ್ ನೋಡಲು ಹೋಗುತ್ತದೆ. ಬುಲೋನ್, ರುವಾನ್, ಪ್ಯಾರಿಸ್ ಎಲ್ಲ ಸುತ್ತುತ್ತದೆ. ಕಥೆ ಅಷ್ಟೇ. ನಾನು ತೋರಿಸುವುದು ಅದರ ಚಿತ್ರಗಳ ಬಣ್ಣ ಮೂಡಿಸಿರುವ ಸಣ್ಣ ಚುಕ್ಕಿಗಳನ್ನು.

ಭೂತಗನ್ನಡಿ ಇಟ್ಟು ನೋಡಿ ಅನ್ನುತ್ತೇನೆ. ಇವತ್ತಿನ ಆಫ್‌ಸೆಟ್ ಯಂತ್ರದಲ್ಲಿ ಅಚ್ಚಾದ ಪುಸ್ತಕದಲ್ಲಿ ಚುಕ್ಕಿಗಳು ಅಳತೆ ಹಿಡಿದು ಸಾಲಾಗಿ ನಿಂತಿರುತ್ತವೆ. ಇಂಥ ಹಳೆಯ ಪುಟದಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಕಡೆ ದಟ್ಟ, ಇನ್ನೊಂದು ಕಡೆ ವಿರಳ. ಯಾಕೆಂದರೆ ಇದು ಕಲ್ಲಚ್ಚಿನ ಕಾಲದ ಕೆಲಸ. ಪ್ರಕಾಶಕರಾದ ಬೆಲ್‌ಫಾಸ್ಟ್‌ನ ಮಾರ್ಕಸ್ ವಾರ್ಡ್ ಕಂಪನಿ ಬಣ್ಣದ ಕಲ್ಲಚ್ಚಿಗೇ ಹೆಸರಾಗಿತ್ತು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆಯುತ್ತಿದ್ದರು. ಕಲ್ಲನ್ನು ಒದ್ದೆ ಮಾಡಿ ಶಾಯಿ ಹಚ್ಚಿದರೆ ಜಿಡ್ಡಿದ್ದ ಕಡೆ ಮಾತ್ರ ಹಿಡಿಯುತ್ತಿತ್ತು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಮಗುವಿನ ಕೆನ್ನೆಯ ತಿಳಿ ಗುಲಾಬಿ ಬರಬೇಕಾದರೆ ಒಬ್ಬ ಕೆಲಸಗಾರ ಕೂತು ಚುಕ್ಕಿ ಮೇಲೆ ಚುಕ್ಕಿ ಇಡಬೇಕಿತ್ತು. ಅವನ ಹೆಸರು ಪುಸ್ತಕದ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ನಮಗೆ ಉಳಿದಿರುವ ಅವನ ಗುರುತು ಆ ಚುಕ್ಕಿಗಳೇ.

ಸ್ಕ್ಯಾನರ್ ಸಾಫ್ಟ್‌ವೇರಿನಲ್ಲಿ ಸಾಲು ಚುಕ್ಕಿಗಳನ್ನು ಮಸುಕು ಮಾಡುವ 'ಡಿಸ್ಕ್ರೀನ್' ಅಂತ ಒಂದು ಫಿಲ್ಟರ್ ಇರುತ್ತದೆ. ಆಫ್‌ಸೆಟ್ ಪುಟಕ್ಕೆ ಅದು ಒಳ್ಳೆಯದೇ, ಅಡ್ಡಾದಿಡ್ಡಿ ಪಟ್ಟೆ ಬರದಂತೆ ತಡೆಯುತ್ತದೆ. ಆದರೆ ಕಲ್ಲಚ್ಚಿನ ಚುಕ್ಕಿಗಳಲ್ಲಿ ಆ ಥರದ ಸಾಲೇ ಇಲ್ಲ. ಅಲ್ಲಿ ಅದು ಸುಮ್ನೆ ಎಲ್ಲವನ್ನೂ ಕಲಸಿಬಿಡುತ್ತದೆ. ಆಟೋ ಕಲರ್ ಇನ್ನೂ ಕೆಟ್ಟದ್ದು. ಕಾಗದದ ಹಳದಿಯನ್ನು ತೆಗೆಯಲು ಹೋಗಿ ಚಿತ್ರದ ತಿಳಿ ಬಣ್ಣಗಳನ್ನೂ ತೊಳೆದುಬಿಡುತ್ತದೆ.

ಅಂಚನ್ನು ತಾನೇ ಕತ್ತರಿಸುವ ಆಟೋ ಕ್ರಾಪ್ ಕೂಡ ಬೇಡ. ಇಂಥ ಪುಸ್ತಕಗಳಲ್ಲಿ ಪದ್ಯ ಒಂದು ಕಡೆ, ಚಿತ್ರ ಒಂದು ಕಡೆ ಇರುವುದಿಲ್ಲ. ಅಂಚಿನ ಅಲಂಕಾರ, ಪದ್ಯ, ಚಿತ್ರ ಸೇರಿಯೇ ಒಂದು ಪುಟ.

ಹಾಗಾಗಿ ನಮ್ಮಲ್ಲಿ ಮೂಲ ಫೈಲ್ 600 ಡಿಪಿಐ (ಒಂದು ಇಂಚಿಗೆ 600 ಬಿಂದು) ಟಿಫ್, ಅಂದರೆ ವಿವರ ಕಳೆಯದೆ ಉಳಿಸುವ ಚಿತ್ರದ ಫೈಲ್. ಪಕ್ಕದಲ್ಲಿ ಬಣ್ಣ ಹೋಲಿಸಿ ನೋಡಲು ಬಣ್ಣದ ಪಟ್ಟಿ, ಪುಟದ ನಾಲ್ಕೂ ಅಂಚು ಕಾಣಬೇಕು, ಯಾವ ಫಿಲ್ಟರೂ ಇಲ್ಲ. ಓದುವವರಿಗೆ ಬೇಕಾದ ಹಗುರ ಪ್ರತಿಯನ್ನು ಅದರಿಂದ ಆಮೇಲೆ ಮಾಡಿಕೊಳ್ಳಬಹುದು, ಅಲ್ವಾ?

ಇದು ವಿದೇಶಿ ಪುಸ್ತಕಕ್ಕೆ ಮಾತ್ರ ಹೇಳುವ ಮಾತಲ್ಲ. 1894ರಲ್ಲಿ ಮುಂಬೈನಲ್ಲಿ ಶುರುವಾದ ರವಿವರ್ಮನ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿ ಚಿತ್ರಗಳೂ ಕಲ್ಲಚ್ಚಿನವೇ. ನಮ್ಮ ಎಷ್ಟೋ ಹಳೆಯ ಮನೆಗಳ ಗೋಡೆ ಮೇಲೆ ಅವು ಈಗಲೂ ಇವೆ. ನಿಮ್ಮ ಮನೆಯಲ್ಲಿದ್ದರೆ ಫೋಟೋ ತೆಗೆಯುವಾಗ ಫ್ಲಾಶ್ ಬೇಡ, ಮೊಬೈಲಿನ ಬ್ಯೂಟಿ ಮೋಡ್ ಬೇಡ. ಕಿಟಕಿಯ ಬೆಳಕು ಸಾಕು. ಚೌಕಟ್ಟಿನಿಂದ ತೆಗೆದಿದ್ದರೆ ಕೆಳಗಿನ ಅಂಚನ್ನೂ ಬಿಡದೆ ತೆಗೆಯಿರಿ. ಪ್ರೆಸ್ಸಿನ ಹೆಸರು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.