ಕಹಳೆಯೊಳಗಿನ ತಂಬೂರಿ

"ಪಿಟೀಲು ಕೇಳುತ್ತಿದೆ. ತಂಬೂರಿ ಎಲ್ಲಿ?"

ದೊಡ್ಡಪ್ಪ ಇಷ್ಟು ಹೇಳಿ ಕಾಫಿ ಲೋಟವನ್ನು ಕೆಳಗಿಟ್ಟರು. ಹೋದ ಡಿಸೆಂಬರಿನ ಒಂದು ಭಾನುವಾರ, ಬೆಳಿಗ್ಗೆ ಹತ್ತೂವರೆ. ಹನುಮಂತನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಹದಿನಾಲ್ಕು ತಿಂಗಳು ಕೂತು ಕಟ್ಟಿದ ಎರಡು ಹಾರ್ನ್ ಸ್ಪೀಕರ್‌ಗಳು ಅವರಿಗೆ ಎದುರಾಗಿ ನಿಂತಿದ್ದವು. ನುಡಿಯುತ್ತಿದ್ದದ್ದು ಅವರದೇ ಪಿಟೀಲು. 1978ರ ರಾಮನವಮಿಯಂದು ಮಲ್ಲೇಶ್ವರದ ಹಳೆಯ ಮನೆಯ ಪಡಸಾಲೆಯಲ್ಲಿ ಅವರು ನುಡಿಸಿದ ಕಲ್ಯಾಣಿ. ನೆಂಟರೊಬ್ಬರು ಸ್ಪೂಲ್ ಟೇಪಿನಲ್ಲಿ ಹಿಡಿದಿಟ್ಟಿದ್ದರು; ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡವನು ನಾನು. ಮೊದಲ ಸಲ ಅವರಿಗೇ ಕೇಳಿಸಬೇಕೆಂದು ಕಾದಿದ್ದೆ.

"ಟೇಪಿನಲ್ಲೇ ಇಲ್ಲವೇನೋ ದೊಡ್ಡಪ್ಪ," ಎಂದೆ.

"ಇಲ್ಲದೆ ಏನು? ನನ್ನ ಎಡಕ್ಕೆ ನಿನ್ನ ದೊಡ್ಡಮ್ಮ ಕೂತಿದ್ದಳು. ಮೈಕು ಅವಳ ಮೊಣಕಾಲಿನ ಹತ್ತಿರವೇ ಇತ್ತು."

ಹೆಡ್‌ಫೋನ್ ಹಾಕಿ ಕೇಳಿದೆ. ತಂಬೂರಿ ಇತ್ತು. ಸಣ್ಣದಾಗಿ, ಆದರೆ ಬಿಡದೆ, ಪಿಟೀಲಿನ ಹಿಂದೆ ಜೇನು ಹುಳುವಿನಂತೆ ಝೇಂಕರಿಸುತ್ತಿತ್ತು. ಅದನ್ನು ನುಂಗಿದ್ದು ನಾನು ಕಟ್ಟಿದ ಹಾರ್ನ್. ಮನಸ್ಸಿಗೆ ಬಹಳ ನೋವಾಯಿತು. ಹಾರ್ನ್ ಕಟ್ಟುವ ಕೆಲಸಕ್ಕೆ ನಾನು ಇಳಿದದ್ದೇ ಇಂಥ ಸಣ್ಣ ದನಿಗಳಿಗಾಗಿ.

ನಮ್ಮ ಊರಿನಲ್ಲಿ ಹಾರ್ನ್ ಎಂದರೆ ಎಲ್ಲರಿಗೂ ನೆನಪಾಗುವುದು ಗಣೇಶನ ಪೆಂಡಾಲಿನ ಕಂಬಕ್ಕೆ ಕಟ್ಟಿದ ಅಲ್ಯೂಮಿನಿಯಂ ಕಹಳೆ, ಚುನಾವಣೆಯ ಆಟೋದ ನೆತ್ತಿಯ ಮೇಲಿನ ಕಹಳೆ. ಕೂಗುವುದೇ ಅದರ ಕಸುಬು ಎಂದು ನಂಬಿದ್ದೇವೆ. ಮೂರು ವರ್ಷ ಈ ವಸ್ತುವಿನ ಜೊತೆ ಹೆಣಗಿದ ಮೇಲೆ ನಾನು ಅದನ್ನು ಒಪ್ಪುವುದಿಲ್ಲ. ಸಾಮಾನ್ಯ ಸ್ಪೀಕರಿನ ಕೋನ್ ಬಯಲಿನ ಗಾಳಿಯನ್ನು ನೇರವಾಗಿ ತಳ್ಳುತ್ತದೆ. ಗಾಳಿ ತೀರಾ ಹಗುರ, ಹಿಡಿತಕ್ಕೆ ಸಿಗುವುದಿಲ್ಲ; ಕೊಟ್ಟ ಶಕ್ತಿಯಲ್ಲಿ ಬಹುಪಾಲು ಶಾಖವಾಗಿ ಹೋಗುತ್ತದೆ. ಅದೇ ಕಂಪನವನ್ನು ಇಕ್ಕಟ್ಟಾದ ಗಂಟಲಿನಲ್ಲಿ ಹುಟ್ಟಿಸಿ, ಮೆಲ್ಲಮೆಲ್ಲನೆ ಅಗಲವಾಗುವ ದಾರಿಯಲ್ಲಿ ಹೊರಗೆ ಬಿಟ್ಟರೆ, ಗಂಟಲಿನ ಹೆಚ್ಚಿನ ಒತ್ತಡ ಬಾಯಿಯ ಹತ್ತಿರ ಹೆಚ್ಚು ಗಾಳಿಯ ಚಲನೆಯಾಗಿ ಬದಲಾಗುತ್ತದೆ. ನಾಗಸ್ವರದ ತುದಿಯ ಅಗಲ ಬಾಯಿ, ಅಂದರೆ ಅಣಸು, ಮಾಡುವ ಕೆಲಸವೂ ಇದಕ್ಕೆ ಹತ್ತಿರದ್ದು. ಮನೆಯ ಸಾಧಾರಣ ಸ್ಪೀಕರ್ 1 ವ್ಯಾಟ್ ಶಕ್ತಿಗೆ 1 ಮೀಟರ್ ದೂರದಲ್ಲಿ 86 ಡೆಸಿಬೆಲ್ ಆಸುಪಾಸು ಕೊಟ್ಟರೆ, ನನ್ನ ಹಾರ್ನ್ 105 ಕೊಡುತ್ತದೆ. ಆ ಸ್ಪೀಕರ್ ಇದಕ್ಕೆ ಸರಿಗಟ್ಟಬೇಕಾದರೆ ಸುಮಾರು 80 ವ್ಯಾಟ್ ಬೇಕು. ಮೆಲ್ಲಗೆ ಹಾಕಿಕೊಂಡು ಕೇಳುವಾಗ ಹಾರ್ನಿನೊಳಗಿನ ತೆಳು ಪೊರೆ ಅಲುಗಿತೋ ಇಲ್ಲವೋ ಎನ್ನುವಷ್ಟು ಮಾತ್ರ ಅಲುಗುತ್ತದೆ. ಪಿಸುಮಾತಿಗೂ ಅದು ಪೂರ್ತಿ ಎಚ್ಚರವಾಗಿರುತ್ತದೆ. ಕೂಗುವುದಕ್ಕೆ ಬೇರೆ ಉಪಾಯಗಳಿವೆ.

ದೊಡ್ಡಪ್ಪನಿಗೆ ಈ ವಾದವನ್ನು ಹಿಂದೊಮ್ಮೆ ಹೇಳಿದಾಗ ಅವರು ಚೌಡಯ್ಯನವರ ಮಾತು ತೆಗೆದಿದ್ದರು. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೆ ಪಿಟೀಲು ಮುಟ್ಟುವುದಿಲ್ಲವೆಂದು ಚೌಡಯ್ಯನವರು ತಂತಿಗಳನ್ನು ಏಳಕ್ಕೆ ಏರಿಸಿದರು. ಇವತ್ತು ವೈಯಾಲಿಕಾವಲಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಒಂದು ಸಭಾಂಗಣ ಅವರ ಹೆಸರಿನಲ್ಲಿದೆ. "ಅವರದು ಹಿಂದಿನ ಸಾಲಿನ ಚಿಂತೆ. ನೀನು ಕೇಳುವುದು ಹತ್ತಡಿ ದೂರದಲ್ಲಿ ಕೂತು. ನಿನಗೆ ಯಾಕೆ ಕಹಳೆ?" ಎಂದು ಕೇಳಿದ್ದರು. ಸ್ಪೀಕರ್‌ಗಳೇ ಆ ಪ್ರಶ್ನೆಗೆ ಉತ್ತರ ಕೊಡುತ್ತವೆ ಎಂದುಕೊಂಡಿದ್ದೆ. ಆ ಬೆಳಿಗ್ಗೆ ಅವು ಕೊಡಲಿಲ್ಲ.

ಅವುಗಳ ಮೈಯನ್ನು ಒಮ್ಮೆ ಹೇಳಿಬಿಡುತ್ತೇನೆ. ಕೆಳಗೆ 18 ಮಿಲಿಮೀಟರ್ ಪ್ಲೈವುಡ್‌ನ ಪೆಟ್ಟಿಗೆ, ಅದರಲ್ಲಿ ತಗ್ಗಿನ ದನಿ ನುಡಿಸುವ 15 ಇಂಚಿನ ವೂಫರ್. ತಗ್ಗಿನ ದನಿಗೂ ಹಾರ್ನ್ ಮಾಡುವ ಆಸೆಯನ್ನು ಲೆಕ್ಕ ಹಾಕಿದ ದಿನವೇ ಬಿಟ್ಟೆ: 50 ಹರ್ಟ್ಸ್‌ಗೆ ಬಾಯಿಯ ಸುತ್ತಳತೆ ಸುಮಾರು 7 ಮೀಟರ್ ಬೇಕು. ಅಮೆರಿಕದ ಪಾಲ್ ಕ್ಲಿಪ್ಶ್ 1940ರ ದಶಕದಲ್ಲಿ ಆ ಕಹಳೆಯನ್ನು ಪೆಟ್ಟಿಗೆಯೊಳಗೆ ಮಡಿಚಿ, ಕೋಣೆಯ ಮೂಲೆಯ ಗೋಡೆಗಳನ್ನೇ ಅದರ ಬಾಯಿಯಾಗಿ ಮಾಡಿಕೊಂಡರು. ನಮ್ಮ ಕೋಣೆಯ ಒಂದು ಮೂಲೆಯಲ್ಲಿ ಬಾಗಿಲು, ಇನ್ನೊಂದರಲ್ಲಿ ದೇವರ ಗೂಡು. ಹಾಗಾಗಿ 1000 ಹರ್ಟ್ಸ್‌ನಿಂದ ಮೇಲಕ್ಕೆ ಮಾತ್ರ ಹಾರ್ನ್.

ಮೊದಲು ಹಾಕಿದ್ದು ಗುಜರಿಯಲ್ಲಿ ಸಿಕ್ಕ ಅಲ್ಯೂಮಿನಿಯಂ ಕಹಳೆ. ಅದರ ಅಂಚಿಗೆ ಉಗುರಿನಿಂದ ಹೊಡೆದರೆ ಪೂಜೆಯ ಗಂಟೆಯ ಹಾಗೆ ಮೂರು ಎಣಿಸುವಷ್ಟು ಹೊತ್ತು ಮೊಳಗುತ್ತಿತ್ತು. ಯಾವ ರಾಗ ಹಾಕಿದರೂ ಆ ಗಂಟೆಯೂ ಜೊತೆಗೆ ಹಾಡುತ್ತಿತ್ತು. ಅದನ್ನು ತೆಗೆದು ಮರದ್ದು ಮಾಡಲು ಕೂತೆ. ಇಂಗ್ಲೆಂಡಿನ ಪಾಲ್ ವೋಯ್ಟ್ 1920ರ ದಶಕದಲ್ಲಿ ಸ್ಪೀಕರಿಗೆ ತಂದ ಟ್ರ್ಯಾಕ್ಟ್ರಿಕ್ಸ್ ಎಂಬ ವಕ್ರರೇಖೆಯನ್ನು ಹಿಡಿದೆ. ಹಾರ್ನಿನ ಕೆಳಮಿತಿಯೆಂದು 300 ಹರ್ಟ್ಸ್‌ಗೆ ಲೆಕ್ಕ ಹಾಕಿದರೆ ಬಾಯಿಯ ವ್ಯಾಸ 36.5 ಸೆಂಟಿಮೀಟರ್, 1 ಇಂಚಿನ ಗಂಟಲಿನಿಂದ ಬಾಯಿಯವರೆಗೆ ಉದ್ದ 43 ಸೆಂಟಿಮೀಟರ್. ಅಂದರೆ ಒಂದರ ಮೇಲೊಂದು ಅಂಟಿಸಿದ 24 ಪ್ಲೈವುಡ್ ಬಳೆಗಳು, ಪ್ರತಿಯೊಂದರ ತೂತೂ ಬೇರೆ ಅಳತೆ. ಎರಡು ಹಾರ್ನಿಗೆ 48 ಬಳೆ. ಒಳಗಿನ ಮೆಟ್ಟಿಲುಗಳನ್ನು ಅರದಿಂದ ಉಜ್ಜಿ, ಮೇಲೆ ಉಪ್ಪುಕಾಗದ ಹಿಡಿದು ವಾರಗಟ್ಟಲೆ ತಿಕ್ಕಿದ ಮೇಲೆ ಪ್ಲೈವುಡ್‌ನ ಪದರಗಳು ಗಂಟಲಿನಿಂದ ಬಾಯಿಗೆ ಉಂಗುರ ಉಂಗುರವಾಗಿ ಎದ್ದುಬಂದವು, ಒಂದು ಜೇನಿನ ಬಣ್ಣ, ಒಂದು ಕಂದು. ಕಣ್ಣು ಮುಚ್ಚಿ ಬೆರಳು ಆಡಿಸಿದರೆ ಎಲ್ಲಿಯೂ ತಡೆಯುವುದಿಲ್ಲ. ಈಗ ಉಗುರಿನಿಂದ ಹೊಡೆದರೆ ಟಪ್ ಎಂದು ಅಲ್ಲೇ ಸಾಯುತ್ತದೆ.

ಇಷ್ಟೆಲ್ಲ ಮಾಡಿಯೂ ತಂಬೂರಿ ಇಲ್ಲ.

ಸಂಗೀತವನ್ನು ನಿಲ್ಲಿಸಿ, ಆಂಪ್ಲಿಫೈಯರನ್ನು ಹಾಗೇ ಬಿಟ್ಟು, ಹಾರ್ನಿನ ಬಾಯಿಗೆ ಕಿವಿ ಕೊಟ್ಟೆ. ಒಲೆಯ ಮೇಲಿಟ್ಟ ಹಾಲು ಉಕ್ಕುವುದಕ್ಕೆ ಮುಂಚೆ ಮಾಡುವ ಸುಯ್ ಎಂಬ ಸದ್ದು. ಟೇಪಿನದಲ್ಲ, ಟೇಪು ನಿಂತಿತ್ತು. ಆಂಪ್ಲಿಫೈಯರ್ ತಾನೇ ಹೊರಡಿಸುವ ಈ ಸದ್ದು ಸಾಮಾನ್ಯ ಸ್ಪೀಕರಿನಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. 105 ಡೆಸಿಬೆಲ್‌ನ ಹಾರ್ನ್ ಅದನ್ನೂ ನಿಷ್ಠೆಯಿಂದ ಹೊರಹಾಕುತ್ತಿತ್ತು. ತಂಬೂರಿ ಮುಳುಗಿದ್ದು ಅದರಲ್ಲೇ. ಮೂರು ವಾರದಿಂದ ನಾನು ಅದಕ್ಕೆ ಒಗ್ಗಿಹೋಗಿದ್ದೆ.

ತಪ್ಪು ಎಲ್ಲಿತ್ತೆಂದು ಹೊಳೆಯಲು ಅರ್ಧ ಗಂಟೆ ಬೇಕಾಯಿತು. ವೂಫರಿಗಿಂತ ಹಾರ್ನ್ 8 ಡೆಸಿಬೆಲ್ ಜೋರು. ಎರಡಕ್ಕೂ ಬೇರೆ ಬೇರೆ ಆಂಪ್ಲಿಫೈಯರ್ ಇದ್ದುದರಿಂದ ಹಾರ್ನಿನ ಸಂಗೀತವನ್ನು ಆಂಪ್ಲಿಫೈಯರಿಗೆ ಹೋಗುವ ಮೊದಲೇ 8 ಡೆಸಿಬೆಲ್ ಇಳಿಸಿದ್ದೆ. ಸಂಗೀತ ಇಳಿದಿತ್ತು, ಸುಯ್ ಇಳಿದಿರಲಿಲ್ಲ. ಅದು ಹುಟ್ಟುವುದು ಆಂಪ್ಲಿಫೈಯರಿನ ಒಳಗೆ. ಇಳಿಸಬೇಕಾದದ್ದು ಅದರ ಆಚೆ. ಎಸ್.ಪಿ. ರಸ್ತೆಯಿಂದ ಎಂದೋ ತಂದಿಟ್ಟ ವಿದ್ಯುತ್ತನ್ನು ತಡೆದು ಇಳಿಸುವ 10 ವ್ಯಾಟಿನ ಬಿಳಿ ರೆಸಿಸ್ಟರ್‌ಗಳು ಡಬ್ಬಿಯಲ್ಲಿದ್ದವು. 4.7 ಓಮ್ ಸಾಲಾಗಿ, 5.6 ಓಮ್ ಹಾರ್ನಿಗೆ ಅಡ್ಡಲಾಗಿ. ಬೆಸುಗೆಯ ರಾಳದ ಹೊಗೆ ಕೋಣೆ ತುಂಬಿತು. ದೊಡ್ಡಪ್ಪ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ನೋಡುತ್ತಿದ್ದರು.

"ಇದು ಜೀವಾಳ ಹುಡುಕಿದ ಹಾಗೆ ಕಣೋ," ಎಂದರು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ನೂಲಿನ ಎಳೆಯ ಮಾತು ಅದು. ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ಸತ್ತ ತಂತಿ ಒಮ್ಮೆಲೇ ಅರಳುತ್ತದೆ. "ನಿನ್ನ ದೊಡ್ಡಮ್ಮ ಉಸಿರು ಬಿಗಿಹಿಡಿದು ಸರಿಸುತ್ತಿದ್ದಳು."

ಊಟಕ್ಕೆ ಮುಂಚೆ ಹಾಕಿದೆ. ತಂಬೂರಿ ಬಂತು! ನನಗೆ ಅಷ್ಟು ಸಾಕಾಗಿತ್ತು. ದೊಡ್ಡಪ್ಪ ಮಾತ್ರ ತಲೆ ಓರೆ ಮಾಡಿದರು. "ಇದೆ. ಆದರೆ ಬೆರಳು ಒಂದು ಕಡೆ, ತಂತಿ ಒಂದು ಕಡೆ."

ಎಪ್ಪತ್ತೊಂಬತ್ತರ ಕಿವಿ ಅದನ್ನು ಹಿಡಿದದ್ದು ನನಗೆ ಇವತ್ತಿಗೂ ಸೋಜಿಗ. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅಂದಕ್ಕಾಗಿ ಹಾರ್ನಿನ ಬಾಯನ್ನು ಪೆಟ್ಟಿಗೆಯ ಮುಖಕ್ಕೆ ಸಮವಾಗಿ ಇಟ್ಟಿದ್ದೆ. ಹಾಗಾಗಿ ಹಾರ್ನಿನ ದನಿ ಹುಟ್ಟುವ ಜಾಗ ವೂಫರಿಗಿಂತ 36 ಸೆಂಟಿಮೀಟರ್ ಹಿಂದೆ ಬಿದ್ದಿತ್ತು. ತಂತಿಯ ಝೇಂಕಾರ ಅದರ ಮೂಲಸ್ವರಕ್ಕಿಂತ 1 ಮಿಲಿಸೆಕೆಂಡ್ ತಡವಾಗಿ ಬರುತ್ತಿತ್ತು. 1930ರ ದಶಕದಲ್ಲಿ ಹಾಲಿವುಡ್‌ನ ಎಂಜಿಎಂ ಸ್ಟುಡಿಯೊದವರಿಗೂ ಇದೇ ಕಾಟ ಇತ್ತು. ಅವರ ಚಿತ್ರಮಂದಿರದ ಹಾರ್ನ್‌ಗಳು ಎಷ್ಟು ಉದ್ದವೆಂದರೆ ನರ್ತಕಿಯ ಬೂಟಿನ ಒಂದು ತಟ್ಟು ಎರಡಾಗಿ ಕೇಳುತ್ತಿತ್ತು. ಅದನ್ನು ಸರಿಪಡಿಸಲು ಹೋಗಿಯೇ ಅವರು ಶಿಯರರ್ ಹಾರ್ನ್ ಎಂಬ ಹೊಸ ವ್ಯವಸ್ಥೆಯನ್ನು ಕಟ್ಟಿದರು. ಇದನ್ನೆಲ್ಲ ಓದಿದ್ದೆ. ಓದಿಯೂ 1 ಮಿಲಿಸೆಕೆಂಡ್ ಮನೆಯಲ್ಲಿ ಲೆಕ್ಕಕ್ಕಿಲ್ಲ ಎಂದುಕೊಂಡಿದ್ದೆ.

ಹುಳಿಯನ್ನ ಉಂಡು ಮತ್ತೆ ಶುರು ಮಾಡಿದೆವು. ಹಾರ್ನ್‌ಗಳಿಗೆ ಬೇರೆಯೇ ಮರದ ಕಾಲುಗಳಿದ್ದದ್ದು ಒಳ್ಳೆಯದಾಯಿತು, ಅವನ್ನು ಮುಟ್ಟಲಿಲ್ಲ. ವೂಫರ್ ಪೆಟ್ಟಿಗೆಗಳನ್ನು ಹಿಂದಕ್ಕೆ ತಳ್ಳಬೇಕಿತ್ತು. ಕೆಳಗೆ ಹಳೆಯ ಕಂಬಳಿ ಹಾಕಿ ನಾನು ತಳ್ಳಿದೆ. ಮಗಳು ಅಳತೆಯ ಟೇಪು ಹಿಡಿದು "ಇನ್ನೂ ಎರಡು ಸೆಂಟಿಮೀಟರ್ ಅಪ್ಪ, ಇನ್ನೂ ಒಂದು" ಎಂದು ಹೇಳುತ್ತ ಹೋದಳು. ಪೆಟ್ಟಿಗೆಯ ಬೆನ್ನಿಗೂ ಗೋಡೆಗೂ ನಡುವೆ ನಾಲ್ಕು ಬೆರಳಿನ ಜಾಗ ಉಳಿಯಿತು. ಗೋಡೆ ಹತ್ತಿರವಾದದ್ದಕ್ಕೆ ತಗ್ಗಿನ ದನಿ ಉಬ್ಬಿತು, ಅದನ್ನು ತುಸು ಇಳಿಸಿದೆ. ಹಾರ್ನ್‌ಗಳು ಈಗ ಆನೆಯ ಸೊಂಡಿಲಿನ ಹಾಗೆ ಮುಂದಕ್ಕೆ ಚಾಚಿಕೊಂಡಿದ್ದವು. ಮನೆಯವಳು ಬಾಗಿಲಲ್ಲಿ ನಿಂತು ನೋಡಿ, ಟೀಪಾಯಿಯನ್ನು ಒಳಗಿನ ಕೋಣೆಗೆ ಸಾಗಿಸಿದಳು.

ಸಂಜೆ ಐದಕ್ಕೆ ಮತ್ತೆ ಹಾಕಿದೆ. ಟೇಪಿನ ಮೊದಲ ಎರಡು ನಿಮಿಷ ಶ್ರುತಿ ಸೇರಿಸುವ ಭಾಗ. ಅದನ್ನು ದಾಟಿಸಿ ಕಲ್ಯಾಣಿಗೆ ಹೋಗಲೆಂದು ಮೌಸ್ ಹಿಡಿದೆ. ದೊಡ್ಡಪ್ಪ ಕೈಯೆತ್ತಿ ತಡೆದರು.

ಬೆರಳ ತುದಿ ತಂತಿಯನ್ನು ಬಿಡುವ ಸದ್ದು, ಅದರೊಳಗಿಂದಲೇ ಬಿಚ್ಚಿಕೊಳ್ಳುವ ಝೇಂಕಾರ. ಒಂದೇ ಮೀಟು. ಆಮೇಲೆ ಬಳೆಗಳು ತಂಬೂರಿಯ ದಂಡಿಗೆ ತಾಕಿದ ಕಿಣಿ. ನಾನು ಆ ಟೇಪನ್ನು ಇಪ್ಪತ್ತು ಸಲವಾದರೂ ಕೇಳಿದ್ದೇನೆ, ಬಳೆಗಳು ಕೇಳಿಸಿದ್ದು ಅದೇ ಮೊದಲು.

"ಪಂಚಮ ತುಸು ಇಳಿದಿದೆ," ಎಂದರು ದೊಡ್ಡಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಆ ದಿನ ಅವಳು ಹೇಳಿದಳು, ಪಂಚಮ ನಿಂತಿಲ್ಲ, ಇನ್ನೊಂದು ನಿಮಿಷ ಕೊಡಿ ಅಂತ. ಜನ ಕಾಯುತ್ತಿದ್ದಾರೆ ಎಂದು ನಾನು ಶುರು ಮಾಡಿಬಿಟ್ಟೆ."

ಮತ್ತೆ ಮೊದಲಿನಿಂದ ಹಾಕಲು ಹೇಳಿದರು. ಹಾಕಿದೆ. ಪಿಟೀಲು ಏಳುವುದಕ್ಕೆ ಮುಂಚೆ ನಿಲ್ಲಿಸಿ, ಮತ್ತೆ ಮೊದಲಿನಿಂದ. ಹೊರಗೆ ಕತ್ತಲಾಯಿತು, ಬೀದಿಯ ದೀಪ ಹತ್ತಿತು. ಅವರನ್ನು ಮಲ್ಲೇಶ್ವರಕ್ಕೆ ಬಿಟ್ಟುಬರಲು ಆಟೋ ಕರೆಯುವವರೆಗೂ ನಾವು ಕಲ್ಯಾಣಿಗೆ ಹೋಗಲಿಲ್ಲ.